ಸಂಧಿವಾತಕ್ಕೆಂದು ಮಾಡುವ ಆರ್.ಎ. ರಕ್ತಪರೀಕ್ಷೆ ನೆಗೆಟಿವ್ ಬಂದರೂ ಮಗುವಿಗೆ ಆ ಕಾಯಿಲೆ ಇರಬಹುದೇ?

ಇರಬಹುದು. ನಾಲ್ಕು ವರ್ಷದ ಮಗಳ ಮೊಣಕಾಲು ಎರಡು ತಿಂಗಳಿಂದ ಊದಿದೆ, ಬೆಳಿಗ್ಗೆ ಕುಂಟುತ್ತಾಳೆ, ಆರ್.ಎ. ನೆಗೆಟಿವ್ ಬಂದಿದೆ, ಸುಮ್ಮನಿರಲೇ ಎಂದು ಕೇಳಿದ್ದೀರಿ. ಸುಮ್ಮನಿರಬೇಡಿ. ಈ ಕಾಯಿಲೆಯ ಬಹುಪಾಲು ಮಕ್ಕಳಲ್ಲಿ ಆ ಪರೀಕ್ಷೆ ನೆಗೆಟಿವ್ ಆಗಿಯೇ ಬರುತ್ತದೆ. ಉರಿಯೂತ ತೋರಿಸುವ ಇ.ಎಸ್.ಆರ್. ರಕ್ತಪರೀಕ್ಷೆ ಕೂಡ ಸರಿಯಾಗಿರಬಹುದು. ನನ್ನ ಮಗಳದ್ದೂ ಹಾಗೆಯೇ ಇತ್ತು.

ನಮ್ಮದು ಬಾಗಲಕೋಟೆ. ‘ಇಷ್ಟು ಸಣ್ಣ ಕೂಸಿಗೆ ಎಲ್ಲಿಯ ವಾತ, ಬಿದ್ದಿರಬೇಕು’ ಎನ್ನದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಔಡಲ ಎಣ್ಣೆ ತಿಕ್ಕಿದ್ದೂ ಆಯಿತು. ಅವಳೋ ನೋವೆಂದು ಒಮ್ಮೆಯೂ ಅತ್ತವಳಲ್ಲ. ಬೆಳಿಗ್ಗೆ ಎದ್ದರೆ ಪಾವಟಿಗೆಯ ಮೇಲೆ ಕುಳಿತು ಒಂದೊಂದಾಗಿ ಜಾರುತ್ತ ಇಳಿಯುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಓಟ. ಬೆಳೆಯುವ ಮಕ್ಕಳ ಕಾಲುನೋವು ಇದಕ್ಕೆ ತದ್ವಿರುದ್ಧ: ಸಂಜೆಯೋ ರಾತ್ರಿಯೋ ಬರುತ್ತದೆ, ಎರಡೂ ಕಾಲಿಗೆ ಬರುತ್ತದೆ, ಬೆಳಗಾದರೆ ಏನೂ ಇರುವುದಿಲ್ಲ. ಊತವಂತೂ ಇರುವುದೇ ಇಲ್ಲ.

ಬೆಳಗಾವಿಯಲ್ಲಿ ನೋಡಿದ ಸಂಧಿವಾತ ತಜ್ಞರು ನಮ್ಮ ದಪ್ಪ ಫೈಲನ್ನು ಪಕ್ಕಕ್ಕಿಟ್ಟು, ಎರಡೂ ಮೊಣಕಾಲಿನ ಮೇಲೆ ಕೈಯಿಟ್ಟರು. ಒಂದು ಬೆಚ್ಚಗಿತ್ತು. ಟೇಪು ಹಿಡಿದು ಅಳೆದರೆ ಅದೇ ಕಾಲಿನ ತೊಡೆ ಸಣ್ಣಗಾಗಿತ್ತು. 16 ವರ್ಷ ತುಂಬುವ ಮೊದಲು ಶುರುವಾಗಿ, ಊತ ಕನಿಷ್ಠ 6 ವಾರ ಉಳಿದು, ಬೇರೆ ಕಾರಣ ಸಿಗದಿದ್ದರೆ ಇದು ಮಕ್ಕಳ ಸಂಧಿವಾತ. ಆ ‘ಬೇರೆ ಕಾರಣ’ವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಮೊಣಕಾಲು ಊದಿದ್ದರೆ ಕ್ಷಯವಲ್ಲವೆಂದು ಖಚಿತವಾಗಬೇಕು. ಮಗು ಬಿಳಿಚಿಕೊಂಡಿದ್ದರೆ, ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ರಕ್ತದ ಕ್ಯಾನ್ಸರನ್ನೂ ನೋಡುತ್ತಾರೆ. ಅದು ಅಲ್ಲವೆಂದು ತಿಳಿಯುವ ಮೊದಲೇ ಯಾರಾದರೂ ಸ್ಟಿರಾಯ್ಡ್ ಕೊಟ್ಟರೆ ರೋಗ ಮರೆಯಾಗಿಬಿಡಬಹುದು. ಜ್ವರ ಬಂದು ಕಾಲನ್ನೇ ಊರದಿದ್ದರೆ ತಜ್ಞರ ದಾರಿ ಕಾಯದೆ ಅಂದೇ ಹತ್ತಿರದ ಆಸ್ಪತ್ರೆಗೆ ಓಡಿ, ಕೀಲಿನಲ್ಲಿ ಕೀವಾಗಿರಬಹುದು.

ನೀವು ಕಣ್ಣಿನ ವಿಷಯ ಕೇಳಿಲ್ಲ, ನಾವೂ ಕೇಳಿರಲಿಲ್ಲ. ಈ ಮಕ್ಕಳಿಗೆ ಕಣ್ಣಿನೊಳಗೆ ಉರಿಯೂತ ಬರಬಹುದು. ಹೆಚ್ಚಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದೂ ಇಲ್ಲ, ದೃಷ್ಟಿ ಮಾತ್ರ ಹೋಗಿಬಿಡಬಹುದು. ನೇತ್ರತಜ್ಞರು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿಯೇ ನೋಡಬೇಕು. ಎ.ಎನ್.ಎ. ಎಂಬ ರಕ್ತಪರೀಕ್ಷೆ ಪಾಸಿಟಿವ್ ಇರುವ ಸಣ್ಣ ಮಕ್ಕಳಿಗಂತೂ 3 ತಿಂಗಳಿಗೊಮ್ಮೆ.

ಹೊರಡುವ ಮುನ್ನ, ಮಗಳು ಹಾಸಿಗೆಯಿಂದ ಎದ್ದು ನಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಸ್ಸಿಳಿದು, ಚೀಟಿ ಮಾಡಿಸಿ, ನಿಮ್ಮ ಪಾಳಿ ಬರುವಷ್ಟರಲ್ಲಿ ಅವಳು ನೆಟ್ಟಗೆ ನಡೆಯುತ್ತಿರುತ್ತಾಳೆ.