ಮೊದಲ ಕ್ರೂಸ್: ಜಾಹೀರಾತಿನ ದರ ಸಾಕಾ?

ಉಡುಪಿಯಿಂದ ಚಿಕ್ಕ ಮಕ್ಕಳೂ ಸೇರಿ ನಾಲ್ಕು ಜನ, ಮುಂಬೈ-ಗೋವಾ ಕ್ರೂಸ್ (ಹಡಗಿನ ಪ್ರವಾಸ), ಜಾಹೀರಾತಿನಲ್ಲಿರುವ ದರ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಅದು ಸಾಮಾನ್ಯವಾಗಿ ಒಬ್ಬರ ದರ, ಅದೂ ಒಂದು ಕ್ಯಾಬಿನ್‌ನಲ್ಲಿ (ಹಡಗಿನ ಕೋಣೆಯಲ್ಲಿ) ಇಬ್ಬರಿದ್ದರೆ. ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ ಅದರ ಮೇಲೆ ಸೇರುತ್ತವೆ. ನಾವು ಮೊದಲ ಸಲ ಇದನ್ನು ನೋಡದೆ ಹೊರಟು ಕೊನೆಗೆ ತುಂಬಾ ಪರದಾಡಿದೆವು. ದುಡ್ಡು ಕಟ್ಟುವ ಮುಂಚೆ ಪೂರ್ತಿ ಮೊತ್ತ ಎಷ್ಟು ಅಂತ ಬರೆಸಿಕೊಳ್ಳಿ.

ಮಕ್ಕಳು ಚಿಕ್ಕವರಲ್ವಾ, ನಾಲ್ವರೂ ಒಂದೇ ಕ್ಯಾಬಿನ್ ತೆಗೆದುಕೊಳ್ಳಿ. ಮೂರನೆಯ, ನಾಲ್ಕನೆಯ ಹಾಸಿಗೆಗೆ ಹೆಚ್ಚಾಗಿ ದರ ಕಡಿಮೆ. ಕಿಟಕಿ ಇಲ್ಲದ್ದು ಅಗ್ಗ, ಮಲಗಲಿಕ್ಕೆ ಅಷ್ಟೇ ತಾನೇ? ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ (ಅಂತಸ್ತಿನ) ಕ್ಯಾಬಿನ್ ಕೇಳಿ. ಅಲ್ಲಿ ಅಲುಗಾಟ ಕಡಿಮೆ, ವಾಂತಿಯ ಕಾಟವೂ ಕಡಿಮೆ. ಮಾತ್ರೆ ಮಾತ್ರ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ.

ಮಾಮೂಲಿ ಊಟ-ತಿಂಡಿ ದರದಲ್ಲೇ ಬರುತ್ತದೆ. ವೈಫೈ, ಗೋವಾದಲ್ಲಿ ಇಳಿದು ಸುತ್ತುವುದು ಬೇರೆ ಖರ್ಚು.

ಮುಂಬೈಗೆ ಮತ್ಸ್ಯಗಂಧ ರೈಲು ಸಾಕು. ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಆವತ್ತೇ ಮಾಡಿಸಿ. ಆದರೆ ಹಡಗು ಹೊರಡುವ ದಿನ ಬೆಳಿಗ್ಗೆ ತಲುಪುವ ಹಾಗೆ ಇಟ್ಟುಕೊಳ್ಳಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ತಲುಪಿ, ಒಂದು ರಾತ್ರಿಯ ರೂಮು ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಮಕ್ಕಳ ಆಧಾರ್ ಮರೆಯಬೇಡಿ.