ಶೇರ್ ಮಾಡಿ ಅಂದಿರಿ, ಶೇರ್ ಮಾಡಿದರು

ಹುಮನಾಬಾದ್ ತಾಲ್ಲೂಕಿನ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಸಾರಾಂಶ ಇಷ್ಟು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಪುಣೆ, ಹೈದರಾಬಾದ್, ಬೆಂಗಳೂರಿನಿಂದ ಊರಿಗೆ ವಾಪಸ್ ಬರುವವರಿಗೆ ಅನುಕೂಲ ಆಗಲಿ ಅಂತ ಇವರು ಊರಿನ ಹೆಸರಲ್ಲೇ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರು. ಈಗ ಅದರಲ್ಲಿ ಮುನ್ನೂರೈವತ್ತು ಜನ. ಹೋದ ಶ್ರಾವಣದಲ್ಲಿ ಇವರ ಹೆಂಡತಿಗೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ರಕ್ತ ಬೇಕಾಯಿತು. ಗ್ರೂಪ್‌ಗೆ ಹಾಕಿದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು, ‘ಬೇಗ ಗುಣಮುಖರಾಗಲಿ’ ಬಂತು, ಜನ ಬರಲಿಲ್ಲ. ಕೊನೆಗೆ ರಕ್ತ ಕೊಟ್ಟವನು ಪಕ್ಕದ ಬೆಡ್‌ನ ರೋಗಿಯ ತಮ್ಮ, ಜೇವರ್ಗಿ ಕಡೆಯ ಹುಡುಗ. ಅವನ ಗುರುತು ಪರಿಚಯ ಏನೂ ಇರಲಿಲ್ಲ. “ಸರ, ಈ ಗ್ರೂಪಿನಾಗ ಮಂದಿ ಅದಾರಂತ ತಿಳ್ಕೋಬೇಕೋ, ಬರೇ ನಂಬರ್ ಅವ ಅಂತ ತಿಳ್ಕೋಬೇಕೋ? ಬಂದ್ ಮಾಡಿಬಿಡ್ಲೇನು?” ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಮನೆಯವರು ಈಗ ಆರಾಮಾಗಿದ್ದಾರೆ ಅಂತ ಓದಿ ಸಮಾಧಾನ ಆಯಿತು. ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದೀರಿ. ಅವತ್ತು ಗ್ರೂಪ್‌ಗೆ ಹಾಕಿದ ಮೆಸೇಜನ್ನು ಪತ್ರದಲ್ಲಿ ಹಾಗೇ ಇಳಿಸಿದ್ದೀರಿ. ಉಳಿದ ಓದುಗರಿಗೂ ತೋರಿಸುತ್ತೇನೆ: “ಅರ್ಜೆಂಟ್ ಅರ್ಜೆಂಟ್. ಬಿ ನೆಗೆಟಿವ್ ರಕ್ತ ಬೇಕಾಗಿದೆ. ಕಲಬುರಗಿ. ದಯವಿಟ್ಟು ಎಲ್ಲರೂ ಶೇರ್ ಮಾಡಿ.” ಕೆಳಗೆ ನಿಮ್ಮ ಫೋನ್ ನಂಬರ್.

ಇದನ್ನು ಓದಿದವನಿಗೆ ನೀವು ಕೊಟ್ಟ ಕೆಲಸ ಯಾವುದು? ಶೇರ್ ಮಾಡುವುದು, ಅಷ್ಟೇ. ಅದನ್ನು ಅವರು ಚಾಚೂ ತಪ್ಪದೆ ಮಾಡಿದರು. ಎಷ್ಟು ಚೆನ್ನಾಗಿ ಮಾಡಿದರು ಅಂದರೆ, ಮನೆಯವರ ಹೊಲಿಗೆ ಬಿಚ್ಚಿಸಿ ನೀವು ಊರಿಗೆ ಬಂದಾದ ಮೇಲೆ ದಾವಣಗೆರೆಯಿಂದ ಯಾರೋ ಫೋನ್ ಮಾಡಿ “ಇನ್ನೂ ಬೇಕಾ ಸರ್?” ಅಂತ ಕೇಳಿದರಂತೆ. ನೀವೇ ಬರೆದಿದ್ದೀರಿ. ತಾರೀಖು ಇಲ್ಲದ ಮೆಸೇಜ್ ಹೀಗೇ ತಿರುಗುತ್ತಿರುತ್ತದೆ. ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆಯೊಳಗೆ, ಎಷ್ಟು ಯೂನಿಟ್, ಯಾವುದೂ ಅದರಲ್ಲಿಲ್ಲ.

ಇನ್ನು ಲೆಕ್ಕ ನೋಡೋಣ. ಮುನ್ನೂರೈವತ್ತು ಜನ ಇದ್ದಾರೆ ಅಂದರೆ ಮುನ್ನೂರೈವತ್ತು ಜನ ರಕ್ತ ಕೊಡಬಲ್ಲರು ಅಂತ ಅಲ್ಲ. ವಯಸ್ಸು 18ರಿಂದ 65ರ ಒಳಗಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬೇಕು. ನೆಗೆಟಿವ್ ಗುಂಪಿನ ರಕ್ತವಂತೂ ನಮ್ಮಲ್ಲಿ ಮೊದಲೇ ಅಪರೂಪ. ಅದರ ಮೇಲೆ ನಿಮ್ಮ ಗ್ರೂಪ್‌ನ ಅರ್ಧ ಜನ ಪುಣೆ, ಹೈದರಾಬಾದ್‌ನಲ್ಲಿದ್ದಾರೆ. ಅವತ್ತು ಕಲಬುರಗಿಗೆ ಬಂದು ಮಲಗಿ ಕೈ ಚಾಚಬಹುದಾಗಿದ್ದವರು ಎಲ್ಲೋ ಇಬ್ಬರು ಮೂವರು ಇದ್ದಿರಬೇಕು. ಅವರು ಯಾರು ಅಂತ ನಿಮಗೆ ಗೊತ್ತಿರಲಿಲ್ಲ. ಆ ಮೆಸೇಜ್ ತಮಗೇ ಬಂದದ್ದು ಅಂತ ಅವರಿಗೂ ಅನ್ನಿಸಲಿಲ್ಲ.

ಜನ ಕಲ್ಲಾಗಿದ್ದಾರೆ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮೈಕ್ ಮತ್ತು ಹೆಡ್‌ಫೋನ್ ಕೊಟ್ಟು ಮಾತಾಡಿಸಿದರು. ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ಮಧ್ಯದಲ್ಲಿ ಒಂದು ದನಿ ತನಗೆ ಫಿಟ್ಸ್ ಬರುತ್ತಿದೆ, ಸಹಾಯ ಮಾಡಿ ಅಂತ ತೊದಲುತ್ತದೆ. ಅದು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ, ಕೇಳುವವರಿಗೆ ಗೊತ್ತಿಲ್ಲ. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡಾಗ 100ಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೊರಗೆ ಓಡಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಾಗ ಹಾಗೆ ಎದ್ದವರು 31 ಮಂದಿ ಮಾತ್ರ. ಏಳದೆ ಕೂತವರು ಆರಾಮಾಗಿ ಕೂತಿರಲಿಲ್ಲ. ಎಷ್ಟೋ ಜನರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಬೇರೆ ಯಾರೋ ಹೋಗಿರಬಹುದು ಅಂತ ಅಷ್ಟೇ. ನಾಲ್ವರು ಜೊತೆಗಿದ್ದಾರೆ ಅಂದಾಗಲೇ ಹೀಗೆ. ನಿಮ್ಮಲ್ಲಿ ಮುನ್ನೂರೈವತ್ತು.

ಬೇರೆ ಯಾರೋ ಕೊಡುತ್ತಾರೆ ಅಂದುಕೊಳ್ಳುವ ಸವಲತ್ತು ಜೇವರ್ಗಿಯ ಹುಡುಗನಿಗೆ ಇರಲಿಲ್ಲ. ಎದುರಿಗೆ ನೀವು ಕೂತಿದ್ದಿರಿ, ಅವನ ಹಿಂದೆ ಗೋಡೆ ಇತ್ತು.

ಹಾಗಾಗಿ ಮುಂದಿನ ಸಲ ಗ್ರೂಪ್‌ಗೆ ಹಾಕುವ ಮೊದಲು ಹೆಸರು ಹಿಡಿದು ಕೇಳಿ. “ತಮ್ಮಾ, ನೀನು ಕಲಬುರಗಿಯಲ್ಲೇ ಇದ್ದೀಯಲ್ಲ, ನಾಳೆ ಬೆಳಿಗ್ಗೆ ಹತ್ತಕ್ಕೆ ಬರಲು ಆಗುತ್ತಾ? ಆಗದಿದ್ದರೆ ಆಗಲ್ಲ ಅನ್ನು, ಬೇಜಾರಿಲ್ಲ.” ಇಷ್ಟು ಕೇಳಲು ನಮಗೆ ಸಂಕೋಚ. ಅವನು ಇಲ್ಲ ಅಂದರೆ ಅನ್ನುವ ಭಯ. ಮುನ್ನೂರೈವತ್ತು ಜನರನ್ನು ಒಟ್ಟಿಗೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ನೋಡಿ, ಅದಕ್ಕೇ ಸುಲಭ.

ಈ ವಿಷಯದಲ್ಲಿ ನನ್ನದೊಂದು ಹಠ ಇದೆ. ‘ವಾಟ್ಸ್‌ಆ್ಯಪ್ ಗ್ರೂಪ್ ಅಂದರೆ ಇಂದಿನ ಅನುಭವ ಮಂಟಪ’ ಅನ್ನುವ ಲೇಖನಗಳು ಆಗಾಗ ಬರುತ್ತವೆ, ಅದರಲ್ಲೂ ಬಸವಕಲ್ಯಾಣ ಕಡೆಯಿಂದ ಜಾಸ್ತಿ. ನಾನು ಅಚ್ಚು ಹಾಕುವುದಿಲ್ಲ. ಅಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಅಂತ ಪರಂಪರೆ ಹೇಳುತ್ತದೆ. ನಮ್ಮ ಗ್ರೂಪ್‌ಗಳಲ್ಲಿ ಶುಭೋದಯ ಕೊಡುತ್ತಾರೆ, ಉಪದೇಶ ಕೊಡುತ್ತಾರೆ, ಸುದ್ದಿ ಕೊಡುತ್ತಾರೆ. ಎಲ್ಲರೂ ಕೊಡುವವರೇ. ಒಬ್ಬರು ಇನ್ನೊಬ್ಬರನ್ನು ಏನಾದರೂ ಕೇಳಿದ್ದನ್ನು ನೋಡಿದ್ದೀರಾ?

ಕೇಳದೆ ಮುಂದಕ್ಕೆ ತಳ್ಳಿದರೆ ಏನಾಗುತ್ತದೆ ಅಂತ ನಿಮ್ಮ ಬೀದರ್ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. 2018ರ ಜುಲೈನಲ್ಲಿ ಹೈದರಾಬಾದ್‌ನ ಒಬ್ಬ ಯುವ ಎಂಜಿನಿಯರ್ ಗೆಳೆಯರ ಜೊತೆ ಔರಾದ್ ಕಡೆಗೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ವಾಟ್ಸ್‌ಆ್ಯಪ್ ಹತ್ತಿ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ಮುಟ್ಟಿತು. ರಸ್ತೆ ಅಡ್ಡಗಟ್ಟಿದ ಗುಂಪು ಆ ಯುವಕನನ್ನು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹಾಕಿದ್ದು ಅದೇ ತಿಂಗಳು. ನಿಮ್ಮ ರಕ್ತದ ಮೆಸೇಜನ್ನು ಇದರ ಪಕ್ಕ ಇಟ್ಟು ನೋಡುತ್ತಿಲ್ಲ, ತಪ್ಪು ತಿಳಿಯಬೇಡಿ. ಆದರೆ ಬೆರಳಿನ ಅಭ್ಯಾಸ ಎರಡರಲ್ಲೂ ಅದೇ. ನೋಡಿದ ಕೂಡಲೇ ದಾಟಿಸುವುದು. “ಇವರು ಯಾರು, ಯಾರ ಮನೆಗೆ ಬಂದವರು” ಅಂತ ಕೇಳುವ ಒಂದು ನಿಮಿಷ ಅಲ್ಲಿ ಇರಲಿಲ್ಲ.

ಹಾಗಂತ ಗ್ರೂಪ್ ಬಂದ್ ಮಾಡಬೇಡಿ. ಅದರಿಂದ ಬರಬಹುದಾದ ಲಾಭ ಬೇರೆ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲಿ ಇದನ್ನು ಬರೆದಿದ್ದಾರೆ. ಬಾಸ್ಟನ್ ಪಕ್ಕದ ಊರಿನಲ್ಲಿ ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಕೇಳಿದರು: ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ? ಆಗಾಗ ಅಂದವರು 100ಕ್ಕೆ ಸುಮಾರು 17. ಉಳಿದವರೆಲ್ಲ ‘ಯಾವಾಗಲೋ ಒಮ್ಮೆ’, ಇಲ್ಲ ‘ಅಪರೂಪಕ್ಕೆ’ ಅಂದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಯಾದಗಿರಿ, ಶಹಾಪುರ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಭಾವನ ಊರಿನವನ ಮೇಸ್ತ್ರಿಯ ಫೋನ್ ನಂಬರ್ ಸಿಕ್ಕರೆ ಸಾಕು, ರೈಲು ಹತ್ತುತ್ತಾರೆ. ನಿಮ್ಮ ಮುನ್ನೂರೈವತ್ತು ಜನ ಅಂಥ ದೂರದ ಪರಿಚಯಗಳು. ಕೆಲಸ ಎಲ್ಲಿದೆ, ತೊಗರಿ ಏನು ರೇಟು, ಯಾವ ಡಾಕ್ಟರು ಚೆನ್ನಾಗಿ ನೋಡುತ್ತಾರೆ, ಇದಕ್ಕೆಲ್ಲ ಅವರು ಬೇಕು. ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಬರುವವರು ಅವರೇ ಆಗಬೇಕು ಅಂದುಕೊಂಡರೆ ನಿರಾಸೆ ಆಗುತ್ತದೆ.

ಗ್ರೂಪ್‌ನಲ್ಲಿ ನಡೆಯುವ ರಾಜಕೀಯದ ಜಗಳದ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ನಂದು ಸಣ್ಣ ಉತ್ತರ. ಅದಕ್ಕೊಂದು ಬೇರೆ ಗ್ರೂಪ್ ಮಾಡಿಕೊಡಿ. ಅಲ್ಲಿಗೆ ಹೋಗುವವರು ನಾಲ್ಕೇ ಜನ ಅಂತ ವಾರದಲ್ಲಿ ಗೊತ್ತಾಗುತ್ತದೆ.

“ಹತ್ತು ಮಂದಿ ಬಿಟ್ಟರೆ ಉಳಿದವರು ಬಾಯೇ ಬಿಡಲ್ಲ” ಅಂದಿದ್ದೀರಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಸೇರುವ ಆನ್‌ಲೈನ್ ಜಾಗಗಳಲ್ಲಿ 100ಕ್ಕೆ 90 ಮಂದಿ ಸುಮ್ನೆ ನೋಡುತ್ತಾರೆ, 9 ಮಂದಿ ಆಗಾಗ ಮಾತಾಡುತ್ತಾರೆ, ಒಬ್ಬರೇ ಇಡೀ ದಿನ ಮಾತಾಡುತ್ತಾರೆ ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಸರಿಸುಮಾರು ಎಲ್ಲೆಡೆ ಹೀಗೇ. ಆದರೆ ನಮ್ಮ ಭಾಗದಲ್ಲಿ ಇನ್ನೊಂದು ಕಾರಣ ಸೇರಿದೆ. ಬೀದರ್ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಿಮ್ಮೂರಿನ ಹಳೆಯ ತಲೆಗಳಲ್ಲಿ ಎಷ್ಟೋ ಜನ ಶಾಲೆ ಕಲಿತದ್ದು ಉರ್ದುವಿನಲ್ಲಿ, ಇಲ್ಲ ಮರಾಠಿಯಲ್ಲಿ. ಮಾತಿಗೆ ಕೂತರೆ ಕನ್ನಡದಲ್ಲಿ ಅವರನ್ನು ಸೋಲಿಸುವವರಿಲ್ಲ, ಅಕ್ಷರ ಬರುವುದಿಲ್ಲ. ಹೊಲಕ್ಕೆ ಹೋಗುವ ಹೆಂಗಸರದ್ದೂ ಅದೇ ಕಥೆ, ಕಾರಣ ಬೇರೆ. ಇವರೆಲ್ಲ ಗ್ರೂಪ್‌ನಲ್ಲಿ ಹೆಬ್ಬೆಟ್ಟು ಎತ್ತಿ ತೋರಿಸುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅದನ್ನು ನೀವು ಅಸಡ್ಡೆ ಅಂತ ಓದುತ್ತೀರಿ.

ಟೈಪ್ ಮಾಡಬಲ್ಲವರಾದರೂ ಹೇಗೆ ಬರೆಯುತ್ತಾರೆ? “ಆತ್ಮೀಯ ಗ್ರಾಮಸ್ಥರೇ, ತಮ್ಮೆಲ್ಲರ ಗಮನಕ್ಕೆ ತರಬಯಸುವುದೇನೆಂದರೆ...” ಇದು ಪಂಚಾಯಿತಿ ನೋಟಿಸು. ಇದಕ್ಕೆ ಯಾರು ಉತ್ತರ ಕೊಡುತ್ತಾರೆ? ಅದೇ ಮನುಷ್ಯ ಮೈಕ್ ಗುರುತು ಒತ್ತಿ “ಯಾಕ್ರೀ ಕಾಕಾ, ಸಂತ್ಯಾಗ ಕಾಣ್ಲೇ ಇಲ್ಲ, ಮೈಯಾಗ ಆರಾಮ್ ಅದ ಇಲ್ಲೋ?” ಅಂದರೆ ಕಾಕಾ ಉತ್ತರ ಕೊಡದೇ ಇರುತ್ತಾರಾ? ಹಿಂದೆ ಕೋಳಿ ಕೂಗಿದ್ದು, ಮೊಮ್ಮಗಳು ಅತ್ತದ್ದು ಎಲ್ಲ ಕೇಳಿಸುತ್ತದೆ, ಕೇಳಲಿ. ವಾರಕ್ಕೊಂದು ದಿನ ಬರೀ ದನಿಯಲ್ಲೇ ಮಾತು ಅಂತ ಮಾಡಿ ನೋಡಿ. ಮೊದಲು ಎರಡು ವಾರ ಯಾರೂ ಮಾತಾಡಲಿಕ್ಕಿಲ್ಲ. ನೀವೇ ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕಾಗುತ್ತದೆ.

ಇನ್ನು ಒಳಗಿನ ಸಣ್ಣ ಬಳಗದ ಮಾತು. ಪುಣೆಯವರದ್ದೊಂದು, ಹೈದರಾಬಾದಿನವರದ್ದೊಂದು, ಕಲಬುರಗಿ ಪೇಟೆಯಲ್ಲಿ ಇರುವವರದ್ದೊಂದು ಮಾಡಿ. ಹದಿನೈದು ಇಪ್ಪತ್ತು ಜನ ಸಾಕು. ರಕ್ತದ ಗುಂಪು, ಆಪತ್ತಿಗೆ ಕರೆಯಬಹುದಾದ ನಂಬರ್, ಗಾಡಿ ಯಾರ ಹತ್ತಿರ ಇದೆ, ಇಷ್ಟನ್ನು ಅವರ ಒಪ್ಪಿಗೆ ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಗ್ರೂಪ್‌ನಲ್ಲಿ ಹಾಕಬೇಡಿ. ಮತ್ತೆ ಆತುರ ಬೇಡ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬರೀ ಪರಿಚಯ ಸಲುಗೆಗೆ ತಿರುಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಹತ್ತಿರದ ಗೆಳೆತನಕ್ಕೆ 200 ಗಂಟೆಗಿಂತ ಜಾಸ್ತಿ. ಅದರಲ್ಲೂ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗಿಂತ ಒಟ್ಟಿಗೆ ಹರಟೆ ಹೊಡೆದ, ಆಟ ಆಡಿದ ಗಂಟೆಗಳಿಗೆ ಬೆಲೆ ಹೆಚ್ಚು. ಕೈಮುಗಿಯುವ ಚಿತ್ರ ಒತ್ತಲು ಒಂದು ಸೆಕೆಂಡ್ ಬೇಕು. ಲೆಕ್ಕ ನೀವೇ ಹಾಕಿ.

ಗಂಟೆಗಟ್ಟಲೆ ಕೂರಲು ನಮಗೆ ಎಳ್ಳಮವಾಸ್ಯೆಗಿಂತ ಒಳ್ಳೆಯ ದಿನ ಇಲ್ಲ. ಬೀದರ್, ಕಲಬುರಗಿ ಕಡೆಯವರು ದೀಪಾವಳಿಗೆ ತಪ್ಪಿಸಿದರೂ ಅದಕ್ಕೆ ಊರಿಗೆ ಬರುತ್ತಾರೆ. ಹೊಲದಲ್ಲಿ ಚರಗ ಚೆಲ್ಲಿ (ಭೂತಾಯಿಗೆ ಎಡೆ ಎರಚಿ), ಭಜ್ಜಿ (ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿದ ಪಲ್ಯ), ಸಜ್ಜೆ ರೊಟ್ಟಿ, ಕಡಬು, ಅಂಬಲಿ ಅಂತ ಊಟಕ್ಕೆ ಕೂತರೆ ಏಳುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವ ಹಬ್ಬ ಅದು. ಈ ಸಲ ಗ್ರೂಪ್‌ನಲ್ಲಿ ಎಳ್ಳಮವಾಸ್ಯೆಯ ಶುಭಾಶಯದ ಚಿತ್ರ ಹಾಕಬೇಡಿ. ಪುಣೆಯಿಂದ ಬರುವ ಆರೇಳು ಮನೆಯವರಿಗೆ ಫೋನ್ ಮಾಡಿ, ನಮ್ಮ ಹೊಲಕ್ಕೆ ಬರ್ರಿ ಅನ್ನಿ. ಭಜ್ಜಿಗೆ ಯಾರು ಯಾವ ಕಾಯಿಪಲ್ಯೆ ತರಬೇಕು ಅಂತಲೂ ಹೇಳಿ. ಬರಿಗೈಯಲ್ಲಿ ಬಂದವರು ನೆಂಟರಾಗಿಯೇ ಉಳಿಯುತ್ತಾರೆ.

ಕೊನೆಗೆ, ನೀವು ಪತ್ರದ ಅಂಚಿನಲ್ಲಿ ದೂರಿನ ಹಾಗೆ ಬರೆದ ಮಾತು. ಮಗಳು ಆಸ್ಪತ್ರೆಯಲ್ಲೂ ಫೋನ್ ಬಿಡಲಿಲ್ಲ, ದಿನಾ ರಾತ್ರಿ ಕಾರಿಡಾರ್‌ನಲ್ಲಿ ನಿಂತು ಯಾರೋ ಶಿವಮೊಗ್ಗದ ಹುಡುಗಿಯ ಜೊತೆ ಮಾತಾಡುತ್ತಿದ್ದಳು, ಚಿತ್ರ ಬರೆಯುವವರ ಆನ್‌ಲೈನ್ ಬಳಗದಲ್ಲಿ ಸಿಕ್ಕವಳಂತೆ, ಒಮ್ಮೆಯೂ ಭೇಟಿ ಆಗಿಲ್ಲವಂತೆ, ಇದೆಂಥ ಗೆಳೆತನ ಅಂತ.

ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ಸರ್. ಒಂದು ಹುಡುಗಿ ದಿನಾ ರಾತ್ರಿ ಫೋನ್ ಮಾಡಿ “ಅಮ್ಮ ಇವತ್ತು ಊಟ ಮಾಡಿದರಾ?” ಅಂತ ಕೇಳಿದ್ದಾಳೆ. ಮಗಳು ಅವಳಿಗೆ ಹೇಳಿ ಅತ್ತಿದ್ದಾಳೆ ಅಂತಲೂ ನೀವೇ ಬರೆದಿದ್ದೀರಿ. ಒಬ್ಬರು ಬರೆದ ಚಿತ್ರವನ್ನು ಇನ್ನೊಬ್ಬರು ತಿದ್ದುತ್ತಾ ಎರಡು ವರ್ಷ ಕಳೆದಿದ್ದಾರಂತೆ. ಗಂಟೆಗಳ ಲೆಕ್ಕ ಹಾಕಿದರೆ ಅವರು 200 ಯಾವಾಗಲೋ ದಾಟಿರುತ್ತಾರೆ.

ತಂದೆಯಾಗಿ ನಿಮಗಿರುವ ಆತಂಕ ಸರಿ, ಆ ಕಡೆ ಇರುವವರು ಯಾರು ಅಂತ ತಿಳಿದುಕೊಳ್ಳಲೇಬೇಕು. ಅದಕ್ಕೆ ಮಗಳ ಫೋನ್ ಕಸಿದುಕೊಳ್ಳಬೇಡಿ, ಕದ್ದು ನೋಡಲೂಬೇಡಿ. ಒಂದು ಭಾನುವಾರ ವಿಡಿಯೊ ಕಾಲ್ ಮಾಡಲು ಹೇಳಿ, ನೀವೂ ಮನೆಯವರೂ ಪಕ್ಕದಲ್ಲಿ ಕೂತುಕೊಳ್ಳಿ. ಆ ಹುಡುಗಿಯ ಅಪ್ಪ ಅಮ್ಮನನ್ನೂ ಮಾತಿಗೆ ಕರೆಯಿರಿ. ದುಡ್ಡಿನ ಮಾತು, ಗುಟ್ಟಾಗಿ ಒಬ್ಬಳೇ ಬಾ ಅನ್ನುವ ಮಾತು ಬಂದರೆ ಕೂಡಲೇ ನಮಗೆ ಹೇಳಬೇಕು ಅಂತ ಮಗಳಿಗೆ ತಿಳಿಸಿ. ಆ ಕಡೆಯವರೂ ನಿಮ್ಮ ಮಗಳ ಬಗ್ಗೆ ಇಷ್ಟೇ ಹೆದರಿಕೊಂಡಿರಬಹುದು. ಮೊದಲು ನೀವೇ ಫೋನ್ ಮಾಡಿದರೆ ಅವರಿಗೂ ನಿರಾಳ.