ಹೊಸ ಪ್ಲಾಟಿನ ಮಳಿ ನೀರು ಕೆರಿಗೆ ಹೋದ್ರ ಏನಾಗ್ತೈತಿ?

ಪ್ರಶ್ನೆ: ಸರ್, ನಮ್ದು ವಿಜಯಪುರ. ಊರ ಹೊರಗ 6 ಎಕರೆ ಎರಿ ಹೊಲ ಎನ್ಎ (ಬಿನ್‌ಶೇತ್ಕಿ) ಮಾಡ್ಸಿ ಪ್ಲಾಟ್ ಹಾಕಾಕತ್ತೀವಿ, ಕೆಳಗ ಒಂದು ಕೆರಿ ಐತಿ. ನಮ್ಮ ತಮ್ಮನ ಮಗ ಅಮೆರಿಕಾದಾಗ ಎಂಜಿನಿಯರ್ ಅದಾನ, ಅಲ್ಲಿ ಲೇಔಟ್ ಮಾಡೋರು ಮಳಿ ನೀರಿನ ಜೋಡಿ ಎಷ್ಟು ನೈಟ್ರೋಜನ್, ಫಾಸ್ಫರಸ್ ಹೋಗ್ತೈತಿ ಅಂತ ಲೆಕ್ಕ ಕೊಡಬೇಕಂತ. ಮಳಿ ನೀರಿನೊಳಗ ಗೊಬ್ಬರ ಎಲ್ಲಿಂದ ಬರ್ತೈತ್ರಿ? ಹೆಂಗೂ ಯುಜಿಡಿ (ನೆಲದೊಳಗಿನ ಒಳಚರಂಡಿ) ಹಾಕ್ಸೋರ ಅದೀವಿ.

ಉತ್ತರ: ಹುಡುಗ ಹೇಳಿದ್ದು ಖರೆ ಐತ್ರಿ, ಅಮೆರಿಕಾದ ಕೆಲವು ಕಡೆ ಹಂಗ ಐತಿ. ನಾರ್ತ್ ಕೆರೊಲಿನಾ ರಾಜ್ಯದಾಗ ಫಾಲ್ಸ್ ಲೇಕ್ ಅಂತ ಜಲಾಶಯ ಐತಿ, ರಾಲಿ ಊರಿನ ಮಂದಿ ಕುಡಿಯೋದು ಅದರ ನೀರು. ಅದು ಪಾಚಿ ಕಟ್ಟಾಕತ್ತಿತು ಅಂತ 2011ರಾಗ ನಿಯಮ ತಂದ್ರು. ಆ ಕೆರಿಗೆ ನೀರು ಹರಿಯೋ ಸೀಮಿಯೊಳಗ ತೀರಾ ಸಣ್ಣ ಕೆಲಸ ಬಿಟ್ಟು ಹೊಸದಾಗಿ ಏನ ಕಟ್ಟಿದ್ರೂ ಎಕರೆಗೆ ವರ್ಷಕ್ಕ 2.2 ಪೌಂಡ್ ನೈಟ್ರೋಜನ್, 0.33 ಪೌಂಡ್ ಫಾಸ್ಫರಸ್, ಅದಕ್ಕಿಂತ ಹೆಚ್ಚು ಹೋಗಬಾರದು. ನಮ್ಮ ತೂಕದಾಗ ಹೇಳಬೇಕಂದ್ರ ಸುಮಾರು 1 ಕಿಲೋ ಮತ್ತ 150 ಗ್ರಾಂ. 45 ಕಿಲೋದ ಒಂದು ಯೂರಿಯಾ ಚೀಲದಾಗ 20 ಕಿಲೋಕ್ಕಿಂತ ಹೆಚ್ಚು ನೈಟ್ರೋಜನ್ ಇರ್ತೈತಿ, ಅಂದ್ರ ಒಂದು ಚೀಲ 20 ಎಕರೆದ ವರ್ಷದ ಪಾಲು ತಿಂದು ಹಾಕ್ತೈತಿ, ಲೆಕ್ಕ ಎಷ್ಟು ಬಿಗಿ ಐತಿ ನೋಡ್ರಿ.

ಎಲ್ಲಿಂದ ಬರ್ತೈತಿ ಅಂದ್ರಿ. ರಸ್ತಾದ ಮ್ಯಾಲಿನ ಸಗಣಿ, ಉದುರಿದ ಎಲಿ, ಪಾರ್ಕಿಗೆ ಹಾಕಿದ ಗೊಬ್ಬರ, ಇವೆಲ್ಲಾ ಇದ್ದದ್ದೇ, ಆದ್ರ ಲೇಔಟ್ ಹಾಕೋವಾಗ ದೊಡ್ಡ ಪಾಲು ಮಣ್ಣಿಂದು. ಫಾಸ್ಫರಸ್ ಮಣ್ಣಿನ ಕಣಕ್ಕ ಅಂಟ್ಕೊಂಡು ಇರ್ತೈತಿ, ನೀವು ವರ್ಷಾನುಗಟ್ಟಲೆ ಡಿಎಪಿ ಗೊಬ್ಬರ ಹಾಕಿದ ಹೊಲ ಅದು, ಅದರಾಗ ಫಾಸ್ಫರಸ್ ಇರ್ತೈತಿ, ಜೆಸಿಬಿ ಹಚ್ಚಿ ಕೆದರಿ ಮಣ್ಣು ಗುಂಪಿ ಹಾಕಿ ಬಿಟ್ರ ಮಿರಗದ ಮಳಿ ಬಂದ ಕೂಡ್ಲೆ ಆ ಮಣ್ಣೆಲ್ಲಾ ಗಟಾರ ಹಿಡದು ಸೀದಾ ಕೆರಿಗೆ. ಯುಜಿಡಿ ಇದಕ್ಕ ಏನೂ ಮಾಡಂಗಿಲ್ರಿ, ಅದು ಸಂಡಾಸ ಬಚ್ಚಲದ ನೀರು ಒಯ್ಯೋ ಪೈಪು, ಮಳಿ ನೀರಿನ ಹಾದಿನ ಬ್ಯಾರೆ.

ಕೆರಿಯೊಳಗ ಇದು ಪಾಚಿಗೆ ಊಟ. ಪಾಚಿ ಹೆಚ್ಚಾಗಿ, ಸತ್ತು ಕೊಳಿಯೋವಾಗ ನೀರಿನ ಆಕ್ಸಿಜನ್ ಎಲ್ಲಾ ಎಳಕೊಂತೈತಿ, ಮುಂಜಾನೆ ನೋಡಿದ್ರ ಮೀನ ತೇಲ್ತಿರ್ತಾವ. 1651ರಾಗ ಬೇಗಂ ತಲಾಬ್ ಕಟ್ಟಿ ಮಣ್ಣಿನ ಪೈಪಿನಾಗ ಊರಿಗೆ ನೀರು ತಂದ ಊರು ನಮ್ದು. ಮಳಿ ಕಡಿಮಿ ಇರೋ ಸೀಮಿಯೊಳಗ ಒಂದು ಕೆರಿ ಕೆಡಸ್ಕೊಂಡ್ರ ಇನ್ನೊಂದು ಎಲ್ಲಿಂದ ತರೂಣು?

ಮಾಡೋದು ಇಷ್ಟ. ಮೊದಲಿನ 25 ಮಿಲಿಮೀಟರ್ ಮಳಿ ಹಿಡೀರಿ, ಹೊಲಸು ಹೆಚ್ಚಾಗಿ ಅದರ ಜೋಡಿನ ಬರ್ತೈತಿ. ಒಂದು ಗುಂಟೆ ಮ್ಯಾಲೆ ಅಷ್ಟು ಬಿದ್ರ 2,500 ಲೀಟರ್, ಎಕರೆಕ್ಕ 1 ಲಕ್ಷ. ತಗ್ಗಿನ ಮೂಲಿಯೊಳಗ ಹೊಂಡ ಮಾಡಿ ಹುಲ್ಲು, ಲಾವಂಚ ಹಚ್ಚಿ ನೀರು ಮೆಲ್ಲಗ ಜಿನುಗಂಗ ಮಾಡ್ರಿ. ಆದ್ರ ನಿಮ್ದು ಎರಿ ಭೂಮಿ, ಹಸಿ ಆತಂದ್ರ ಉಬ್ಬಿ ಬಾಯಿ ಮುಚ್ಕೊಂತೈತಿ, ನೀರು ಇಂಗಂಗಿಲ್ಲ. ಅದಕ್ಕ ಎರಿ ಮಣ್ಣು ತಗದು ಉಸುಕು ಹೆಚ್ಚಿದ್ದ ಮಣ್ಣು ತುಂಬಿಸಿ, ಕೆಳಗ ಕಡಿ ಹಾಸಿ ತೂತಿನ ಪೈಪ್ ಇಡಬೇಕು. ಇನ್ನೊಂದು, ಗಿಡ ಚಲೋ ಬರ್ಲಿ ಅಂತ ಆ ಹೊಂಡಕ್ಕ ತಿಪ್ಪಿ ಗೊಬ್ಬರ ಸುರೀಬ್ಯಾಡ್ರಿ, ಆಮ್ಯಾಲೆ ಹೊಂಡದಿಂದನ ಫಾಸ್ಫರಸ್ ಸೋರ್ತೈತಿ, ಮಾಡಿದ್ದೆಲ್ಲಾ ದಂಡ.

ಪ್ರಶ್ನೆ: ಕೆರಿಯೊಳಗಿನ ಅಂತರಗಂಗಿ ತಗಸಿದ್ರ ಸಾಲದೇನ್ರಿ?

ಉತ್ತರ: ತಗಸ್ರಿ, ಆದ್ರ ದಂಡಿ ಮ್ಯಾಲೆ ಒಗದು ಹೋಗಬ್ಯಾಡ್ರಿ, ಕೊಳತು ಮತ್ತ ಅಲ್ಲಿಗೇ ಇಳೀತೈತಿ. ತಳದ ಹೂಳಿನಾಗ ಕುಂತ ಫಾಸ್ಫರಸ್ ಸುದ್ದಾ ಆಕ್ಸಿಜನ್ ಕಡಿಮಿ ಆದಾಗ ನೀರಿಗೆ ಬಿಡ್ತೈತಿ, ಹಿಂಗಾಗಿ ಮ್ಯಾಲಿಂದ ಬರೋದು ನಿಲ್ಲದ ಹೊರತು ಪ್ರತಿ ವರ್ಷ ತಗಸೋದ ಆಗ್ತೈತಿ.

ಪ್ರಶ್ನೆ: ನಮ್ಮಲ್ಲಿ ಅಂಥಾ ಕಾನೂನು ಐತೇನು?

ಉತ್ತರ: ಎಕರೆಗೆ ಇಷ್ಟ ಗ್ರಾಂ ಅನ್ನೋ ಮಿತಿ ನಮ್ಮ ಲೇಔಟ್ ಮಂಜೂರಾತಿಯೊಳಗ ಇಲ್ರಿ. ಗಟಾರ, ಮಳೆನೀರು ಕೊಯ್ಲು ಕೇಳ್ತಾರ, ನೀರಿನ ಜೋಡಿ ಏನ ಹೋಗ್ತೈತಿ ಅಂತ ಕೇಳಂಗಿಲ್ಲ. 2006ರ ಇಐಎ (ಪರಿಸರದ ಮ್ಯಾಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಕಟ್ಟಿದ ವಿಸ್ತೀರ್ಣ (ಜಮೀನಿಂದಲ್ಲ, ಕಟ್ಟಡದ್ದು) 20,000 ಚದರ ಮೀಟರ್ ಮತ್ತ ಅದರ ಮ್ಯಾಲೆ ಇದ್ದ ಕಟ್ಟಡಕ್ಕ ಪರಿಸರ ಅನುಮತಿ ಬೇಕು, ಸಣ್ಣ ಸಣ್ಣ ಪ್ಲಾಟಿನ ಕೆಲಸ ಅದರೊಳಗ ಬರಂಗಿಲ್ಲ, ಕೆರಿ ಸುತ್ತ ಆಗೋದು ಹೆಚ್ಚಾಗಿ ಇಂಥವ. ಇದು ದೊಡ್ಡ ಕೊರತಿ, ಮಂಜೂರಿ ಕೊಡೋವಾಗ್ಲೇ ಷರತ್ತು ಹಾಕಬೇಕು ಅಂತ ನನ್ನ ಗಟ್ಟಿ ಮಾತು.

6 ಎಕರೆದವರು ಅದಕ್ಕ ಕಾಯೋದು ಬ್ಯಾಡ್ರಿ. ನಕ್ಷೆ ಸಹಿಗೆ ಹೋಗೋಕಿಂತ ಮೊದಲ ಪಾರ್ಕಿನ ಜಾಗ ಕೆರಿ ಕಡೆ ತಗ್ಗಿಗೆ ಬರೂವಂಗ ಬರಸ್ರಿ, ರಸ್ತಾದ ಗಟಾರದ ಲೆವೆಲ್ ಅದರ ಕಡೆ ತಿರುಗಸ್ರಿ. ಡಾಂಬರ್ ಬಿದ್ದ ಮ್ಯಾಲೆ ಲೆವೆಲ್ ಬದಲಿ ಮಾಡಬೇಕಂದ್ರ ರಸ್ತಾನ ಅಗೀಬೇಕಾಗ್ತೈತಿ.